ಆಸೆ ಬಿತ್ತುವವರು, ಸಾಲ ಕೊಯ್ಯುವವರು



ಜೋಳದ ಚೀಲ ಹೇರಿಕೊಂಡು ಮಂಡಿಗೆ ಹೋದ ದಿನವನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ವ್ಯಾಪಾರಿ ಬರುತ್ತಾನೆ. ಚೀಲದ ಬಾಯಿ ಬಿಚ್ಚಿಸಿ ಮೊಣಕೈವರೆಗೆ ಕೈ ಹಾಕುತ್ತಾನೆ. ತಳದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ನೋಡುತ್ತಾನೆ. ಎರಡು ಕಾಳು ಬಾಯಿಗೆ ಹಾಕಿ ಕಟಂ ಅಂತ ಕಡಿಯುತ್ತಾನೆ. "ತೇವ ಐತೆ ಗೌಡ್ರೇ, ಮಣ್ಣೂ ಐತೆ" ಅಂತಾನೆ. ಅಷ್ಟೇ, ಬೆಲೆ ಇಳಿಯಿತು. ನೀವು ತಲೆ ತಗ್ಗಿಸಿ ಚೀಟಿ ಇಸಕೊಂಡು ಬರುತ್ತೀರಿ.

ಅದೇ ಸಂಜೆ ಅದೇ ಪೇಟೆಯ ಅಂಗಡಿಗೆ ಹೋಗುತ್ತೀರಿ. ಸೋಪು, ಹಲ್ಲಿನ ಪೇಸ್ಟು, ಮಗಳಿಗೆ ಮುಖಕ್ಕೆ ಹಚ್ಚುವ ಕ್ರೀಮು, ಹತ್ತಿಗೆ ಹೊಡೆಯುವ ಔಷಧಿ ಬೇಕು. ಈಗ ಹೇಳಿ, ನೀವು ಯಾವ ಪೊಟ್ಟಣ ಬಿಚ್ಚಿ ಕೈ ಹಾಕಿ ನೋಡಿದಿರಿ? ಯಾವುದನ್ನು ಕಡಿದು ನೋಡಿದಿರಿ? ಯಾವುದಕ್ಕೆ ಚೌಕಾಸಿ ಮಾಡಿದಿರಿ? ಯಾವುದಕ್ಕೂ ಇಲ್ಲ. ಡಬ್ಬಿಯ ಮೇಲೆ ಅವನೇ ಬೆಲೆ ಅಚ್ಚು ಹಾಕಿದ್ದಾನೆ. ನೀವು ವಸ್ತುವನ್ನೂ ಕೇಳಲಿಲ್ಲ, ಹೆಸರು ಹಿಡಿದು ಕೇಳಿದಿರಿ. "ಅದೇ ಕೊಡಿ" ಅಂದಿರಿ.

ಮಾರುವಾಗ ನಮ್ಮ ಮಾಲಿಗೆ ತೂಕದ ಬೆಲೆ. ಕೊಳ್ಳುವಾಗ ಅವರ ಮಾಲಿಗೆ ಹೆಸರಿನ ಬೆಲೆ. ಈ ಹೆಸರು ನಿಮ್ಮ ತಲೆಯೊಳಗೆ ಹೇಗೆ ಬಂತು? ಯಾರು ತಂದು ಇಟ್ಟರು? ನೀವು ಉಳದೆ ಬಿತ್ತದೆ ನಿಮ್ಮ ಹೊಲದಲ್ಲಿ ಬೆಳೆ ಎದ್ದು ನಿಂತರೆ ಯಾರೋ ಬಿತ್ತಿದ್ದಾರೆ ಅಂತ ತಾನೇ ಅರ್ಥ? ಹಾಗೇ ಇದು. ಬಿತ್ತುವ ಈ ವಿದ್ಯೆಗೆ ನೂರು ವರ್ಷ ದಾಟಿದ ಚರಿತ್ರೆ ಇದೆ. ಅದು ಹುಟ್ಟಿದ್ದು ಅಮೆರಿಕದಲ್ಲಿ. ಅದನ್ನು ತಿಳಿಯದೆ ನಮ್ಮ ಸಾಲದ ಲೆಕ್ಕ ಪೂರ್ತಿ ಆಗುವುದಿಲ್ಲ.

ಬುದ್ಧಿಯನ್ನು ಬಿಟ್ಟು ಮನಸ್ಸನ್ನು ಹಿಡಿದರು

ಮೊದಮೊದಲು ಜಾಹೀರಾತು ಅಂದರೆ ಡಂಗುರವೇ ಆಗಿತ್ತು. ಇಂಥಾ ಅಂಗಡಿಯಲ್ಲಿ ಇಂಥಾ ಮಾಲು ಬಂದಿದೆ, ಬೆಲೆ ಇಷ್ಟು, ಬೇಕಾದವರು ಬನ್ನಿ. ಕೊಳ್ಳುವವನು ಬುದ್ಧಿವಂತ, ಯೋಚನೆ ಮಾಡಿ ಕೊಳ್ಳುತ್ತಾನೆ ಅನ್ನುವ ನಂಬಿಕೆ ಅದರ ಹಿಂದೆ ಇತ್ತು.

ಆ ನಂಬಿಕೆಗೆ ಮೊದಲು ಕೊಡಲಿ ಹಾಕಿದವರಲ್ಲಿ ಒಬ್ಬ ಕಾಲೇಜು ಮೇಷ್ಟ್ರು. ಹೆಸರು ವಾಲ್ಟರ್ ಡಿಲ್ ಸ್ಕಾಟ್. ಷಿಕಾಗೊ ಪಕ್ಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದವನು. 1903ರಲ್ಲಿ ಜಾಹೀರಾತಿನ ಸಿದ್ಧಾಂತ ಅಂತ ಒಂದು ಪುಸ್ತಕ, 1908ರಲ್ಲಿ ಜಾಹೀರಾತಿನ ಮನಶ್ಶಾಸ್ತ್ರ ಅಂತ ಇನ್ನೊಂದು ಪುಸ್ತಕ ಬರೆದ. ಅವನ ವಾದ ಇಷ್ಟೇ: ಮನುಷ್ಯ ತರ್ಕ ಮಾಡಿ ಕೊಳ್ಳುವುದು ಕಡಿಮೆ, ಯಾರಾದರೂ ಸೂಚಿಸಿದರೆ ಕೊಳ್ಳುವುದೇ ಹೆಚ್ಚು. ಅದಕ್ಕೇ ಕಾರಣ ಹೇಳುತ್ತಾ ಕೂರಬೇಡಿ, ನೇರವಾಗಿ ಅಪ್ಪಣೆ ಮಾಡಿ. "ಇದನ್ನೇ ಬಳಸಿರಿ" ಅನ್ನಿ. ಜೊತೆಗೆ ಒಂದು ಚೀಟಿ ಅಚ್ಚು ಹಾಕಿ, ಕತ್ತರಿಸಿ ಕಳಿಸಲು ಹೇಳಿ. ಕೈ ಒಮ್ಮೆ ಕೆಲಸ ಮಾಡಿದರೆ ಮನಸ್ಸು ಹಿಂದೆಯೇ ಬರುತ್ತೆ.

ಇವತ್ತು ನಿಮ್ಮ ಊರಿನ ಗೋಡೆ ಮೇಲೆ ಬರೆದ ಬರಹಗಳನ್ನು ಓದಿ ನೋಡಿ. ಎಷ್ಟು "ಬಳಸಿರಿ", ಎಷ್ಟು "ಇಂದೇ ಖರೀದಿಸಿ" ಇದ್ದಾವೆ? ಹಿರಿಯರು ಹೇಳಿದರೂ ಕೇಳದ ನಾವು ಗೋಡೆ ಹೇಳಿದರೆ ಕೇಳುತ್ತೇವೆ!

ಇಲ್ಲದ ಗುಣ, ಇಲ್ಲದ ರೋಗ

ಸ್ಕಾಟ್ ಮೇಷ್ಟ್ರು ಶಾಸ್ತ್ರ ಬರೆದ. ಅದನ್ನು ಕಾಸು ಮಾಡಿ ತೋರಿಸಿದವರು ಬೇರೆ. ಅವರಲ್ಲಿ ಕ್ಲಾಡ್ ಹಾಪ್‌ಕಿನ್ಸ್ ಒಬ್ಬ. ಷ್ಲಿಟ್ಸ್ ಅನ್ನುವ ಬಿಯರ್ ಕಂಪನಿ ಇವನನ್ನು ಕರೆಸಿತು. ಹೋಗಿ ಕಾರ್ಖಾನೆ ನೋಡಿದ. ಬಾಟಲಿಗಳನ್ನು ಬಿಸಿ ಹಬೆಯಲ್ಲಿ ತೊಳೆಯುತ್ತಿದ್ದರು, ಆಳದ ಬಾವಿಯಿಂದ ನೀರು ತೆಗೆಯುತ್ತಿದ್ದರು, ಗಾಳಿಯನ್ನೂ ಸೋಸುತ್ತಿದ್ದರು. ಇದನ್ನೆಲ್ಲ ಜನರಿಗೆ ಯಾಕೆ ಹೇಳುತ್ತಿಲ್ಲ ಅಂತ ಕೇಳಿದ. ಇದರಲ್ಲೇನು ವಿಶೇಷ, ಎಲ್ಲ ಕಂಪನಿಯವರೂ ಹೀಗೇ ಮಾಡುತ್ತಾರೆ ಅಂದರು ಅವರು. ಎಲ್ಲರೂ ಮಾಡಲಿ, ಮೊದಲು ಹೇಳಿದವನದೇ ಅದು ಅಂದ ಹಾಪ್‌ಕಿನ್ಸ್. ಹಾಗೇ ಮಾಡಿದರು, ವ್ಯಾಪಾರ ಏರಿತು. ಇದನ್ನು ಅವನೇ 1927ರಲ್ಲಿ ತನ್ನ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ನಾವು "ನಮ್ಮ ರಾಗಿ ಮಳೆ ನೀರಿನಲ್ಲಿ ಬೆಳೆದದ್ದು" ಅಂತ ಹೇಳಿಕೊಂಡು ಮಾರಿದ ಹಾಗೆ! ಆದರೆ ನಾವು ಹೇಳಿದರೆ ಮಂಡಿಯವನು ನಗುತ್ತಾನೆ. ಅವನು ಹೇಳಿದರೆ ದೇಶ ನಂಬುತ್ತೆ.

ಇದೇ ಹಾಪ್‌ಕಿನ್ಸನೇ ಪೆಪ್ಸೊಡೆಂಟ್ ಪೇಸ್ಟನ್ನು ಮನೆಮನೆಗೆ ತಲುಪಿಸಿದ್ದು. ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ, ಒಂದು ಪೊರೆ ಸಿಗುತ್ತೆ, ಅದೇ ನಿಮ್ಮ ಚೆಲುವನ್ನು ಕೆಡಿಸಿರುವುದು ಅಂತ ಜಾಹೀರಾತು ಕೊಟ್ಟ. ಓದಿದವರೆಲ್ಲ ನಾಲಿಗೆ ಆಡಿಸಿದರು. ಪೊರೆ ಸಿಕ್ಕೇ ಸಿಕ್ಕಿತು! ಸಿಗದೆ ಏನು? ಅದು ಹಲ್ಲಿರುವ ಪ್ರತಿಯೊಬ್ಬನ ಬಾಯಲ್ಲೂ ಇರುತ್ತೆ. ಬೇವಿನ ಕಡ್ಡಿಯಲ್ಲಿ ತಿಕ್ಕಿದರೂ ಹೋಗುತ್ತೆ, ಮತ್ತೆ ಬರುತ್ತೆ. ಆದರೆ ನಾಲಿಗೆ ಆಡಿಸಿದವನು ಪೇಸ್ಟ್ ಕೊಂಡ.

ಇದಕ್ಕಿಂತ ಒಂದು ಕೈ ಮೇಲಾದದ್ದು ಲಿಸ್ಟರಿನ್ ಕಥೆ. ಅದು 1879ರಲ್ಲಿ ಶಸ್ತ್ರಚಿಕಿತ್ಸೆ ಮಾಡುವಾಗ ಗಾಯ ಕೊಳೆಯದಿರಲಿ ಅಂತ ತಯಾರಿಸಿದ ದ್ರವ. ಅಷ್ಟಕ್ಕೇ ಇದ್ದರೆ ಎಷ್ಟು ಮಾರಾಟ ಆದೀತು? 1920ರ ದಶಕದಲ್ಲಿ ಕಂಪನಿಯವರು ಬಾಯಿ ವಾಸನೆಗೆ ಯಾರಿಗೂ ಗೊತ್ತಿರದ ಒಂದು ವೈದ್ಯಕೀಯ ಹೆಸರು ಹುಡುಕಿ ತೆಗೆದರು. ಹ್ಯಾಲಿಟೋಸಿಸ್! ಹೆಸರು ಕೇಳಿದರೇ ಜ್ವರ ಬರಬೇಕು. ಆಮೇಲೆ ಒಂದು ಚಿತ್ರ ಹಾಕಿದರು. ಚೆಂದದ ಹುಡುಗಿ, ಒಳ್ಳೆ ಮನೆತನ, ಆದರೂ ಮದುವೆ ಆಗುತ್ತಿಲ್ಲ. ಪಾಪ, ಅವಳಿಗೆ ಹ್ಯಾಲಿಟೋಸಿಸ್. ಅವಳಿಗೆ ಅದು ಗೊತ್ತೇ ಇಲ್ಲ, ಹತ್ತಿರದ ಗೆಳತಿಯೂ ಹೇಳುವುದಿಲ್ಲ. ಓದಿದ ಪ್ರತಿ ತಾಯಿಗೂ ತನ್ನ ಮಗಳ ನೆನಪು ಬಂತು. ಕೆಲವೇ ವರ್ಷಗಳಲ್ಲಿ ವ್ಯಾಪಾರ ಹಲವು ಪಟ್ಟು ಹೆಚ್ಚಿತು.

ಇದೇ ಲಿಸ್ಟರಿನ್ ನೆಗಡಿಯನ್ನೂ ಗಂಟಲು ನೋವನ್ನೂ ತಡೆಯುತ್ತೆ ಅಂತ ದಶಕಗಟ್ಟಲೆ ಹೇಳಿಕೊಂಡು ಬಂದರು. 1975ರಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ಅದು ಸುಳ್ಳು ಅಂತ ತೀರ್ಪು ಕೊಟ್ಟಿತು. ಮುಂದಿನ 1 ಕೋಟಿ ಡಾಲರ್ ಜಾಹೀರಾತಿನಲ್ಲಿ ಇದು ನೆಗಡಿ ತಡೆಯುವುದಿಲ್ಲ ಅಂತ ನೀವೇ ಅಚ್ಚು ಹಾಕಿಸಿ ಅಂತ ಅಪ್ಪಣೆ ಆಯಿತು. 1977ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿ ಹಿಡಿಯಿತು. ಅಷ್ಟರಲ್ಲಿ ಎರಡು ತಲೆಮಾರು ದುಡ್ಡು ಸುರಿದು ಆಗಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು.

ಕೂಸಿಗೆ ಕಲಿಸಿದ ಭಯ

ಈಗ ಜಾನ್ ವಾಟ್ಸನ್ ಅನ್ನುವ ಪ್ರೊಫೆಸರನ ಕಥೆ ಕೇಳಿ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ದೊಡ್ಡ ಹೆಸರು ಮಾಡಿದ್ದವನು. ಮನುಷ್ಯನಿಗೆ ಹುಟ್ಟಿನಿಂದ ಬರುವ ಭಾವ ಮೂರೇ: ಭಯ, ಕೋಪ, ಪ್ರೀತಿ. ಉಳಿದದ್ದೆಲ್ಲ ಕಲಿಸಿದರೆ ಬರುತ್ತೆ ಅನ್ನುವುದು ಅವನ ವಾದ. ಅದನ್ನು ಸಾಧಿಸಲು ಅವನು ಹಿಡಿದದ್ದು ಒಂದು ವರ್ಷ ತುಂಬದ ಕೂಸನ್ನು. ಕೂಸಿನ ಮುಂದೆ ಬಿಳಿ ಇಲಿ ಬಿಟ್ಟರು. ಕೂಸು ಹೆದರಲಿಲ್ಲ, ಮುಟ್ಟಲು ಹೋಯಿತು. ಆಮೇಲೆ ಕೂಸು ಇಲಿ ಮುಟ್ಟಲು ಹೋದಾಗಲೆಲ್ಲ ಬೆನ್ನ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಹಲವು ಸಲ ಹೀಗೆ ಆದ ಮೇಲೆ ಸದ್ದು ಇಲ್ಲದೆಯೂ ಇಲಿ ಕಂಡರೆ ಸಾಕು, ಕೂಸು ಅಳತೊಡಗಿತು. ಮೊಲ ಕಂಡರೂ ಅಳು, ತುಪ್ಪಳದ ಕೋಟು ಕಂಡರೂ ಅಳು. ಈ ಪ್ರಯೋಗ 1920ರಲ್ಲಿ ಅಚ್ಚಾಯಿತು.

ಅದೇ ವರ್ಷ ಸಂಸಾರದ ಹಗರಣವೊಂದಕ್ಕೆ ಅವನ ಕೆಲಸ ಹೋಯಿತು. ಅವನನ್ನು ಕರೆದು ಕೂರಿಸಿಕೊಂಡವರು ಯಾರು ಗೊತ್ತಾ? ನ್ಯೂಯಾರ್ಕಿನ ಜೆ. ವಾಲ್ಟರ್ ಥಾಂಪ್ಸನ್ ಅನ್ನುವ ಜಾಹೀರಾತು ಕಂಪನಿ. ಮೊದಲು ಮಿಸಿಸಿಪ್ಪಿ ನದಿ ದಂಡೆಯ ಊರುಗಳಲ್ಲಿ ಮನೆಮನೆಗೆ ಕಳಿಸಿ, ನೀವು ಯಾವ ರಬ್ಬರ್ ಬೂಟು ಹಾಕುತ್ತೀರಿ ಅಂತ ಕೇಳಿಸಿದರು. ಅಂಗಡಿಯ ಗಲ್ಲೆಯ ಮುಂದೆಯೂ ನಿಲ್ಲಿಸಿದರು. 1924ರ ಹೊತ್ತಿಗೆ ಅವನು ಕಂಪನಿಯ ಉಪಾಧ್ಯಕ್ಷ!

ಸಿಗರೇಟು ಸೇದುವವರ ಕಣ್ಣಿಗೆ ಬಟ್ಟೆ ಕಟ್ಟಿ ಬೇರೆ ಬೇರೆ ಹೆಸರಿನ ಸಿಗರೇಟು ಕೊಟ್ಟು ಪರೀಕ್ಷೆ ಮಾಡಿದ ವಾಟ್ಸನ್. ನನಗೆ ಇದೇ ಬ್ರಾಂಡ್ ಬೇಕು ಅಂತ ಹಟ ಮಾಡುವವರಿಗೇ ಯಾವುದು ಯಾವುದು ಅಂತ ತಿಳಿಯಲಿಲ್ಲ. ನಮ್ಮ ನಿಮ್ಮಂಥವರು ಏನು ತಿಳಿಯುತ್ತಿದ್ದೆವು? ಹಾಗಾದರೆ ಎಲ್ಲ ಒಂದೇ, ಅಗ್ಗದ್ದು ತಗೊಂಡರೆ ಆಯಿತು ಅನ್ನುತ್ತಿದ್ದೆವು. ಕಂಪನಿಗಳು ಕಲಿತದ್ದು ಬೇರೆ. ರುಚಿ ನಾಲಿಗೆ ಮೇಲೆ ಇಲ್ಲ, ಹೆಸರಿನಲ್ಲಿದೆ. ಆದ್ದರಿಂದ ಒಳಗಿನ ಎಲೆಗೆ ಖರ್ಚು ಮಾಡಬೇಡಿ, ಹೊರಗಿನ ಹೆಸರಿಗೆ ಮಾಡಿ. ಎಲೆ ಬೆಳೆದವನಿಗೆ ಅಂದೇ ಗುಂಡಿ ತೋಡಿದ್ದು ಈ ಪಾಠ.

ಕೃಷಿ ಪದವೀಧರನ ಬೇಸಾಯ

ಈ ವಿದ್ಯೆಯ ದೊಡ್ಡ ಪಂಡಿತ ಎಡ್ವರ್ಡ್ ಬರ್ನೇಸ್. 1891ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವನು. ಮನಸ್ಸಿನ ಆಳ ಅಗೆದು ನೋಡಿದ ಸಿಗ್ಮಂಡ್ ಫ್ರಾಯ್ಡ್ ಇವನ ಸೋದರಮಾವ. ತಂದೆ ಧಾನ್ಯದ ವ್ಯಾಪಾರಿ. ಇನ್ನೊಂದು ಮಾತು ಕೇಳಿದರೆ ನಿಮಗೆ ನಗು ಬರುತ್ತೆ. ಈತ 1912ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ ಪಡೆದ ಪದವಿ ಕೃಷಿಯದು! ನೆಲ ಬಿಟ್ಟು ಮನಸ್ಸನ್ನು ಉತ್ತ. ಇಳುವರಿ ಚೆನ್ನಾಗಿಯೇ ಬಂತು.

ಹಂದಿ ಮಾಂಸ ಮಾರುವ ಕಂಪನಿಯೊಂದು ಇವನ ಹತ್ತಿರ ಬಂತು. ನಮ್ಮ ಮಾಂಸ ಕೊಳ್ಳಿ ಅಂತ ಈತ ಜಾಹೀರಾತು ಕೊಡಲಿಲ್ಲ. ಒಬ್ಬ ಡಾಕ್ಟರನಿಂದ ಸಾವಿರಾರು ಡಾಕ್ಟರುಗಳಿಗೆ ಕಾಗದ ಬರೆಸಿದ: ಬೆಳಗಿನ ಊಟ ಹಗುರ ಇರಬೇಕೋ ಗಟ್ಟಿಯಾಗಿರಬೇಕೋ? ಹೆಚ್ಚಿನವರು ಗಟ್ಟಿಯಾಗಿರಲಿ ಅಂದರು. ಅದು ಸುದ್ದಿಯಾಗಿ ಪತ್ರಿಕೆಗಳಲ್ಲಿ ಬಂತು. ಗಟ್ಟಿ ಊಟ ಅಂದರೆ ಮೊಟ್ಟೆ ಮತ್ತು ಹಂದಿ ಮಾಂಸ ಅಂತ ಅದರ ಜೊತೆಗೇ ಬಂತು. ಜಾಹೀರಾತು ಅಂತ ಜನರಿಗೆ ಗೊತ್ತೇ ಆಗಲಿಲ್ಲ. ಕಳ್ಳ ಪೊಲೀಸ್ ಬಟ್ಟೆ ಹಾಕಿಕೊಂಡು ಬಂದರೆ ಬಾಗಿಲು ತೆರೆಯದವರು ಯಾರು?

ಆಮೇಲೆ ಲಕ್ಕಿ ಸ್ಟ್ರೈಕ್ ಸಿಗರೇಟಿನ ಅಮೆರಿಕನ್ ಟೊಬ್ಯಾಕೊ ಕಂಪನಿ ಕರೆಯಿತು. ಗಂಡಸರು ಸೇದುತ್ತಿದ್ದಾರೆ, ಹೆಂಗಸರು ಬೀದಿಯಲ್ಲಿ ಸೇದಲು ನಾಚುತ್ತಾರೆ, ಅರ್ಧ ದೇಶದ ವ್ಯಾಪಾರ ನಷ್ಟ ಆಗುತ್ತಿದೆ ಅನ್ನುವುದು ಅವರ ಗೋಳು. ಬರ್ನೇಸ್ ಒಬ್ಬ ಮನೋವೈದ್ಯನಿಗೆ ಕಾಸು ಕೊಟ್ಟು ಕೇಳಿದ. ಸಿಗರೇಟು ಹೆಂಗಸರ ಕಣ್ಣಿಗೆ ಸ್ವಾತಂತ್ರ್ಯದ ಪಂಜಿನ ಹಾಗೆ ಕಾಣಬಹುದು ಅಂದ ವೈದ್ಯ. ಸಾಕಾಯಿತು. 1929ರ ಈಸ್ಟರ್ ಹಬ್ಬದ ದಿನ, ಮಾರ್ಚ್ 31ರಂದು, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಬೀದಿಯ ಮೆರವಣಿಗೆಯಲ್ಲಿ ದೊಡ್ಡ ಮನೆತನದ ಹುಡುಗಿಯರು ಸಿಗರೇಟು ಹಚ್ಚಿಕೊಂಡು ನಡೆದರು. ಇದು ಸ್ವಾತಂತ್ರ್ಯದ ಪಂಜು ಅಂತ ಪತ್ರಕರ್ತರಿಗೆ ಹೇಳಿಸಿದರು. ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಆ ದೇಶದ ಹೆಂಗಸರಿಗೆ ವೋಟಿನ ಹಕ್ಕು ಸಿಕ್ಕು ಆಗ ಒಂಬತ್ತು ವರ್ಷ ಆಗಿತ್ತು ಅಷ್ಟೇ. ಹೋರಾಡಿ ಗಳಿಸಿದ ಸ್ವಾಭಿಮಾನವನ್ನೇ ಕದ್ದು ಸಿಗರೇಟಿನ ಪೊಟ್ಟಣಕ್ಕೆ ಅಂಟಿಸಿದರು. ಇದೇ ಬರ್ನೇಸ್ ತನ್ನ ಹೆಂಡತಿಗೆ ಮಾತ್ರ ಸಿಗರೇಟು ಬಿಡು ಅಂತ ಹೇಳುತ್ತಿದ್ದ!

ಆಸೆ ಏರಿತು, ಎಲೆಯ ಬೆಲೆ ಇಳಿಯಿತು

ಇಲ್ಲಿ ನಾವು ರೈತರ ಲೆಕ್ಕ ಹಾಕಬೇಕು. ಸಿಗರೇಟಿನ ವ್ಯಾಪಾರ ಏರಿತಲ್ಲ, ಹಾಗಾದರೆ ತಂಬಾಕು ಬೆಳೆದವನಿಗೆ ಹೊನ್ನಿನ ಮಳೆ ಸುರಿದಿರಬೇಕು ಅಂತೀರಾ? ಕೇಳಿ.

1931. ಅಮೆರಿಕದಲ್ಲಿ ಮಹಾ ಕುಸಿತದ ಕಾಲ. ಎಲೆ ತಂಬಾಕಿನ ಬೆಲೆ 1905ರಿಂದ ಈಚೆಗೆ ಕಾಣದಷ್ಟು ಕೆಳಗೆ ಬಿದ್ದಿತ್ತು. ತಯಾರಿಕೆಯ ಖರ್ಚೂ ಇಳಿದಿತ್ತು. ಆ ವರ್ಷ ಜೂನ್ 23ರಂದು ರೆನಾಲ್ಡ್ಸ್ ಕಂಪನಿ ಸಾವಿರ ಸಿಗರೇಟಿನ ಬೆಲೆಯನ್ನು 6.40 ಡಾಲರಿನಿಂದ 6.85ಕ್ಕೆ ಏರಿಸಿತು. ಅದೇ ದಿನ ಇನ್ನೆರಡು ದೊಡ್ಡ ಕಂಪನಿಗಳೂ ಅಷ್ಟೇ ಏರಿಸಿದವು. ಯಾಕಪ್ಪಾ ಅಂತ ಕೇಳಿದರೆ, ಭವಿಷ್ಯದ ಬಗ್ಗೆ ನಮಗಿರುವ ಧೈರ್ಯ ತೋರಿಸಲು ಅಂದಿತು ಮೊದಲ ಕಂಪನಿ. ಉಳಿದವು ಹೇಳಿದ ಕಾರಣ ಇನ್ನೂ ಸೊಗಸು: ನಾವು ಏರಿಸದೆ ಹೋದರೆ ಎದುರಾಳಿಯ ಕೈಲಿ ಜಾಹೀರಾತಿಗೆ ಹೆಚ್ಚು ದುಡ್ಡು ಉಳಿಯುತ್ತೆ!

ನೋಡಿದಿರಾ? ಬೆಳೆದವನಿಗೆ ಕೊಡಲು ದುಡ್ಡಿಲ್ಲ, ಬೆಳೆಯ ಹೆಸರು ಕೂಗಿಸಲು ದುಡ್ಡಿದೆ. ಎಲೆಯ ಹರಾಜಿನಲ್ಲೂ ಈ ಮೂವರ ಆಟ ಬೇರೆಯೇ ಇತ್ತು. ಮೂವರ ಖರೀದಿದಾರರೂ ಬಾರದ ಹೊಸ ಮಾರುಕಟ್ಟೆಗೆ ಒಬ್ಬರೂ ಕಾಲಿಡುತ್ತಿರಲಿಲ್ಲ. ಇಷ್ಟರ ಮೇಲೆ ಕೂಗಬಾರದು ಅಂತ ಮೊದಲೇ ಮಿತಿ ಹಾಕಿಕೊಂಡು ಬರುತ್ತಿದ್ದರು. ಇದನ್ನು ಹೇಳುತ್ತಿರುವುದು ನಾನಲ್ಲ. ಈ ಒಳಸಂಚಿನ ಮೊಕದ್ದಮೆಯಲ್ಲಿ ಮೂರೂ ಕಂಪನಿಗಳು ತಪ್ಪಿತಸ್ಥರೆಂದು ಆದ ತೀರ್ಮಾನವನ್ನು ಅಮೆರಿಕದ ಸುಪ್ರೀಂ ಕೋರ್ಟು 1946ರಲ್ಲಿ ಎತ್ತಿ ಹಿಡಿಯಿತು. ಹರಾಜು ಕಟ್ಟೆಯಲ್ಲಿ ನಿಂತು ಬೇಲಿನ ಮುಂದೆ ಕೈಕಟ್ಟಿ ಕಾದ ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಆ ದೇಶದ ಬೆಳೆಗಾರನ ಹೊಟ್ಟೆ ಉರಿ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಂದು ಮಾತು ಗಂಟು ಹಾಕಿಕೊಳ್ಳಿ. ಮಾಲಿನ ಬೆಲೆ ಮಾಲಿನಲ್ಲಿ ಇರುವವರೆಗೆ ಬೆಳೆದವನಿಗೆ ಪಾಲು ಕೇಳುವ ದಾರಿ ಇದೆ. ಬೆಲೆ ಕೊಳ್ಳುವವನ ತಲೆಯೊಳಗೆ ಹೋಗಿ ಕೂತ ಮೇಲೆ ಪಾಲು ಎಲ್ಲ ತಲೆಯನ್ನು ಉತ್ತವನಿಗೆ.

ಕಂತಿನ ಕಾರು

ಆಸೆ ಹುಟ್ಟಿಸಿದರೆ ಸಾಲದು, ಜೇಬಿನಲ್ಲಿ ದುಡ್ಡು ಬೇಕಲ್ಲ. ಅದಕ್ಕೂ ಉಪಾಯ ಆಗಿತ್ತು. ಜನರಲ್ ಮೋಟಾರ್ಸ್ ಅನ್ನುವ ಕಾರು ಕಂಪನಿ 1919ರಲ್ಲೇ ಸಾಲ ಕೊಡುವ ತನ್ನದೇ ಸಂಸ್ಥೆ ತೆರೆಯಿತು. ಆಮೇಲೆ ವರ್ಷ ವರ್ಷ ಕಾರಿನ ರೂಪ ಬದಲಿಸುವ ಪದ್ಧತಿ ತಂದಿತು. ಎಂಜಿನ್ನು ಹೆಚ್ಚುಕಮ್ಮಿ ಅದೇ, ಮೈಬಣ್ಣ ಬೇರೆ. ಹೋದ ವರ್ಷ ಕೊಂಡವನು ಪಕ್ಕದ ಮನೆಯವನ ಹೊಸ ಕಾರು ನೋಡಿ ಕೊರಗಬೇಕು. ಆ ಕಂಪನಿಯ ಸಂಶೋಧನೆಯ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ಕೊಳ್ಳುವವನನ್ನು ಯಾವಾಗಲೂ ಅತೃಪ್ತನಾಗಿಯೇ ಇಡಬೇಕು ಅಂತ 1929ರಲ್ಲಿ ರಾಜಾರೋಷವಾಗಿ ಲೇಖನವನ್ನೇ ಬರೆದ. ಆ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಹೆಚ್ಚಿನ ಕಾರುಗಳು ಕಂತಿನ ಮೇಲೆಯೇ ಹೋಗುತ್ತಿದ್ದವು. ಮನಸ್ಸು ಕೆಡಿಸುವವನೂ ಅವನೇ, ಸಾಲ ಕೊಡುವವನೂ ಅವನೇ.

ಬೆಳೆ ಸಾಲ ಹೊಟ್ಟೆಗೆ, ಮಳೆಗೆ, ಮಣ್ಣಿಗೆ ಸಂಬಂಧಪಟ್ಟದ್ದು. ಅದಕ್ಕೆ ಬೆಲೆ ನೀತಿ ಕಾರಣ, ಆ ಹೋರಾಟ ಬೇರೆ. ಆದರೆ ನಮ್ಮ ಸಾಲದಲ್ಲಿ ಪಕ್ಕದ ಮನೆಯವನನ್ನು ನೋಡಿ ಮಾಡಿದ್ದು ಎಷ್ಟು ಅಂತ ಒಮ್ಮೆ ಎದೆ ಮುಟ್ಟಿ ನೋಡಿಕೊಳ್ಳಿ. ಹತ್ತು ಎಕರೆಯಲ್ಲಿ ವರ್ಷಕ್ಕೆ ನಲವತ್ತು ದಿನ ಕೆಲಸ ಇರುವ ಟ್ರಾಕ್ಟರು ಉಳಿದ ದಿನ ಮನೆ ಮುಂದೆ ನಿಂತು ಬಡ್ಡಿ ತಿನ್ನುತ್ತಿಲ್ಲವೇ?

ಬಾಳೆಹಣ್ಣಿನ ಕಂಪನಿ, ರೈತರ ಭೂಮಿ

ಇದೆಲ್ಲ ಸೋಪು, ಸಿಗರೇಟಿನ ಮಾತು, ಅಷ್ಟಕ್ಕೆ ಯಾಕೆ ಸಿಟ್ಟು ಅನ್ನುವವರು ಗ್ವಾಟೆಮಾಲದ ಕಥೆ ಕೇಳಬೇಕು. ಅಮೆರಿಕದ ದಕ್ಷಿಣಕ್ಕೆ ಇರುವ ಸಣ್ಣ ದೇಶ ಅದು. ಅಲ್ಲಿ ಯುನೈಟೆಡ್ ಫ್ರೂಟ್ ಅನ್ನುವ ಅಮೆರಿಕದ ಬಾಳೆಹಣ್ಣಿನ ಕಂಪನಿ ಅಪಾರ ಭೂಮಿ ಹಿಡಿದು, ಬಹುಪಾಲು ಬೀಳು ಬಿಟ್ಟಿತ್ತು. 1952ರಲ್ಲಿ ಅಧ್ಯಕ್ಷ ಹಕೋಬೊ ಆರ್ಬೆನ್ಸ್ ಕಾನೂನು ತಂದು ದೊಡ್ಡ ಹಿಡುವಳಿಗಳ ಬೀಳು ಭೂಮಿಯನ್ನು ಬಡ ರೈತರಿಗೆ ಹಂಚಲು ಹೊರಟ. ಸುಮ್ಮನೆ ಕಿತ್ತುಕೊಳ್ಳಲಿಲ್ಲ. ತೆರಿಗೆ ಕಟ್ಟುವಾಗ ನೀವೇ ಬರೆದುಕೊಟ್ಟ ಬೆಲೆಯನ್ನೇ ಪರಿಹಾರ ಕೊಡುತ್ತೇನೆ ಅಂದ. ಕಂಪನಿ ತೆರಿಗೆ ಉಳಿಸಲು ಕಡಿಮೆ ಬರೆದಿತ್ತು. ಹಾಗಾಗಿ ಸುಮಾರು 6 ಲಕ್ಷ ಡಾಲರ್ ಲೆಕ್ಕ ಬಂತು. ಕಂಪನಿ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು ಒಂದೂವರೆ ಕೋಟಿಗೂ ಮಿಕ್ಕಿ!

ಆ ಕಂಪನಿಯ ಸಲಹೆಗಾರ ಯಾರು? ನಮ್ಮ ಕೃಷಿ ಪದವೀಧರ ಬರ್ನೇಸನೇ. ಸಿಗರೇಟಿಗೆ ಮಾಡಿದ್ದನ್ನೇ ಇಲ್ಲೂ ಮಾಡಿದ. ಅಮೆರಿಕದ ಪತ್ರಕರ್ತರನ್ನು ಕಂಪನಿ ಖರ್ಚಿನಲ್ಲಿ ಗ್ವಾಟೆಮಾಲಕ್ಕೆ ಕರೆದುಕೊಂಡು ಹೋಗಿ, ತೋರಿಸಬೇಕಾದವರನ್ನು ಮಾತ್ರ ತೋರಿಸಿದ. ಇದು ರೈತರ ಭೂಮಿಯ ಪ್ರಶ್ನೆಯಲ್ಲ, ಕಮ್ಯುನಿಸ್ಟರು ಅಮೆರಿಕದ ಬಾಗಿಲಿಗೆ ಬಂದಿದ್ದಾರೆ ಅನ್ನುವ ಭಯ ಬಿತ್ತಿದ. ಕೂಸಿನ ಬೆನ್ನ ಹಿಂದೆ ಸುತ್ತಿಗೆ ಹೊಡೆದದ್ದು ನೆನಪಿದೆಯಾ? ಇದೂ ಅದೇ. 1954ರ ಜೂನಿನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಕೂಡಿಸಿದ ದಂಡು ಒಳಗೆ ನುಗ್ಗಿತು. ಆರ್ಬೆನ್ಸ್ ಕೆಳಗಿಳಿದ. ಅಷ್ಟರಲ್ಲಿ ಭೂಮಿ ಪಡೆದಿದ್ದ ಕುಟುಂಬಗಳು ಸುಮಾರು ಒಂದು ಲಕ್ಷ. ಹೆಚ್ಚಿನವರ ಕೈಯಿಂದ ಭೂಮಿ ಮತ್ತೆ ಹೋಯಿತು. ಪೇಸ್ಟ್ ಮಾರಿದ ವಿದ್ಯೆಯೇ ಕೊನೆಗೆ ನೇಗಿಲ ಕೆಳಗಿನ ನೆಲ ಕಿತ್ತಿತು.

ಹೆದರಬೇಕಾದ್ದು ಯಾವುದಕ್ಕೆ

1957ರಲ್ಲಿ ಪೆನ್ಸಿಲ್ವೇನಿಯಾದ ರೈತನ ಮಗ ವ್ಯಾನ್ಸ್ ಪ್ಯಾಕರ್ಡ್ ಒಂದು ಪುಸ್ತಕ ಬರೆದು ಈ ಮರೆಯ ಒಲಿಸುವಿಕೆಯನ್ನೆಲ್ಲ ಬಯಲಿಗೆಳೆದ. ಜನ ಬೆಚ್ಚಿಬಿದ್ದರು. ಅದೇ ವರ್ಷ ಜೇಮ್ಸ್ ವೈಕರಿ ಅನ್ನುವವನು ಇನ್ನೊಂದು ಗುಲ್ಲೆಬ್ಬಿಸಿದ. ಸಿನಿಮಾ ತೆರೆಯ ಮೇಲೆ ಕಣ್ಣಿಗೆ ಕಾಣದಷ್ಟು ಬೇಗ "ಕೋಕ ಕೋಲ ಕುಡಿಯಿರಿ" ಅಂತ ಅಕ್ಷರ ಹಾಯಿಸಿದೆ, ವ್ಯಾಪಾರ ನೂರಕ್ಕೆ 18ರಷ್ಟು ಏರಿತು ಅಂದ. ಜಗತ್ತೆಲ್ಲ ಹೌಹಾರಿತು. 1962ರಲ್ಲಿ ಅವನೇ ಒಪ್ಪಿಕೊಂಡ: ಅದೆಲ್ಲ ಬುರುಡೆ, ತನ್ನ ಕುಸಿಯುತ್ತಿದ್ದ ವ್ಯಾಪಾರ ಎತ್ತಲು ಕಟ್ಟಿದ ಕಥೆ. ಕಾಣದ ಅಕ್ಷರಕ್ಕೆ ಹೆದರಿದ ಜನ ಕಾಣುವ ಅಕ್ಷರಕ್ಕೆ ಹೆದರಲಿಲ್ಲ. ಮಾಟ ಮಂತ್ರಕ್ಕೆ ತಾಯಿತ ಕಟ್ಟಿಸಿಕೊಂಡು, ಹಗಲಲ್ಲಿ ಬಂದು ಅಳತೆಯಲ್ಲಿ ಹೊಡೆಯುವವನಿಗೆ ಮಣೆ ಹಾಕಿದ ಹಾಗಾಯಿತು.

ಈ ಪಂಡಿತರು ದೇವರೂ ಅಲ್ಲ. ಅದೇ 1957ರಲ್ಲಿ ಫೋರ್ಡ್ ಕಂಪನಿ ಜನರ ಮನಸ್ಸನ್ನು ಅಳೆಸಿ, ಕೋಟಿಗಟ್ಟಲೆ ಸುರಿದು ಎಡ್ಸೆಲ್ ಅನ್ನುವ ಕಾರು ತಂದಿತು. ಜನ ಮೂಸಿ ನೋಡಲಿಲ್ಲ. 1959ರಲ್ಲಿ ಬಾಗಿಲು ಹಾಕಿದರು. ಕೊಳ್ಳುವವನು ಬೇಡ ಅಂದರೆ ಯಾವ ಶಾಸ್ತ್ರವೂ ನಡೆಯುವುದಿಲ್ಲ.

ನಮ್ಮ ಬಾಗಿಲಿಗೆ ಬಂದ ಬಗೆ

ನಮ್ಮ ದೇಶಕ್ಕೆ ಇದು ಯಾವಾಗ ಬಂತು ಅಂತೀರಾ? ಬಹಳ ತಡವಾಗಿ ಅಲ್ಲ. ವಾಟ್ಸನ್ ಕೆಲಸ ಮಾಡುತ್ತಿದ್ದ ಅದೇ ಥಾಂಪ್ಸನ್ ಕಂಪನಿ 1929ರಲ್ಲಿ ಬೊಂಬಾಯಿಯಲ್ಲಿ ಕಚೇರಿ ತೆರೆಯಿತು. ಬಂದದ್ದು ಯಾರ ಬೆನ್ನು ಹತ್ತಿ? ಅದೇ ಜನರಲ್ ಮೋಟಾರ್ಸಿನ ಬೆನ್ನು ಹತ್ತಿ.

1937ರಲ್ಲಿ ಡಾಲ್ಡಾ ಬಂತು. ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಎಣ್ಣೆ ಅದು. ಎದುರಿಗೆ ಇದ್ದದ್ದು ನಮ್ಮ ಹಟ್ಟಿಯ ತುಪ್ಪ. ತುಪ್ಪಕ್ಕೆ ಜಾಹೀರಾತು ಎಲ್ಲಿದೆ? ಎಮ್ಮೆ ಕೂಗುತ್ತದೆಯೇ? ಅವರು ಸಿನಿಮಾ ತೆಗೆದರು, ಡಬ್ಬಿಯ ಆಕಾರದ ಗಾಡಿಯನ್ನೇ ಬೀದಿಯಲ್ಲಿ ಓಡಿಸಿದರು, ಜನರ ಮುಂದೆಯೇ ಕರಿದು ರುಚಿ ತೋರಿಸಿದರು. ಇವತ್ತು ಯಾವ ಕಂಪನಿಯ ವನಸ್ಪತಿ ತಂದರೂ ನಮ್ಮ ಬಾಯಲ್ಲಿ ಅದು ಡಾಲ್ಡಾವೇ. ತುಪ್ಪಕ್ಕೆ ಬೆರೆಸಿ ಮಾರುವ ಕಳ್ಳರು ಹುಟ್ಟಿಕೊಂಡರು. ಪತ್ತೆ ಹಚ್ಚಲು ಅನುಕೂಲವಾಗಲಿ ಅಂತ ವನಸ್ಪತಿಗೆ ಎಳ್ಳೆಣ್ಣೆ ಬೆರೆಸಲೇಬೇಕು ಅಂತ ಸರ್ಕಾರ ನಿಯಮ ಮಾಡಬೇಕಾಯಿತು. ಹೀಗೆ ಗಟ್ಟಿ ಮಾಡಿದ ಎಣ್ಣೆಯಲ್ಲಿರುವ ಒಂದು ಬಗೆಯ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಅಂತ ಆಮೇಲೆ ತಿಳಿಯಿತು. ಅದು ನೂರಕ್ಕೆ 2ರ ಒಳಗೇ ಇರಬೇಕು ಅನ್ನುವ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. 1937ಕ್ಕೂ 2022ಕ್ಕೂ ನಡುವೆ ಎಷ್ಟು ವರ್ಷ? ನೀವೇ ಲೆಕ್ಕ ಹಾಕಿ.

ಈಗ ಗೋಡೆ ಬರಹವೂ ಬೇಡ, ಗಾಡಿಯೂ ಬೇಡ. ಸುತ್ತಿಗೆ ಹಿಡಿದವನು ನಿಮ್ಮ ಅಂಗಿ ಜೇಬಿನಲ್ಲೇ ಕೂತಿದ್ದಾನೆ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ ಕಂಪನಿ 6,89,003 ಜನರಿಗೆ ತೋರಿಸುವ ಸುದ್ದಿಯಲ್ಲಿ ಸಂತೋಷದ್ದು, ದುಃಖದ್ದು ಹೆಚ್ಚುಕಡಿಮೆ ಮಾಡಿ, ಅವರ ಮನಸ್ಸು ಹೇಗೆ ತಿರುಗುತ್ತೆ ಅಂತ ಪರೀಕ್ಷೆ ಮಾಡಿತು. ಅವರಿಗೆ ಹೇಳದೆ! 2014ರಲ್ಲಿ ಅದನ್ನು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚೂ ಹಾಕಿಸಿದರು. ತಿರುಗಿದ್ದು ಬಹಳ ಸ್ವಲ್ಪ. ಆದರೆ ಪ್ರಶ್ನೆ ಅದಲ್ಲ. ವಾಟ್ಸನ್‌ಗೆ ಸಿಕ್ಕಿದ್ದು ಒಂದು ಕೂಸು. ಇವರಿಗೆ ಊರಿಗೆ ಊರೇ ಕೂಸು.

ಅಂಗಡಿಯ ಮುಂದೆ ನಿಂತಾಗ

ಹಾಗಾದರೆ ಏನನ್ನೂ ಕೊಳ್ಳಬಾರದೇ? ಹಾಗೆ ಹೇಳುವವನು ಮೂರ್ಖ. ಸೋಪೂ ಬೇಕು, ಔಷಧಿಯೂ ಬೇಕು, ಟ್ರಾಕ್ಟರೂ ಬೇಕಾದವರಿಗೆ ಬೇಕು. ಆದರೆ ಮಂಡಿಯವನು ನಮ್ಮ ಚೀಲಕ್ಕೆ ಮಾಡಿದ್ದನ್ನು ನಾವು ಅವರ ಪೊಟ್ಟಣಕ್ಕೆ ಮಾಡಬೇಕು. ಕಡಿದು ನೋಡಬೇಕು.

ಔಷಧಿ ಬಾಟಲಿಯ ಮೇಲಿನ ದೊಡ್ಡ ಹೆಸರನ್ನೂ ಹೀರೋ ಚಿತ್ರವನ್ನೂ ಬಿಡಿ. ಸಣ್ಣ ಅಕ್ಷರದಲ್ಲಿ ಬರೆದ ರಾಸಾಯನಿಕದ ಹೆಸರು, ಅದರ ಪ್ರಮಾಣ ಓದಿಸಿ. ಅದೇ ರಾಸಾಯನಿಕ, ಅದೇ ಪ್ರಮಾಣ ಬೇರೆ ಹೆಸರಿನಲ್ಲಿ ಬೇರೆ ಬೆಲೆಗೆ ಅದೇ ಅಂಗಡಿಯಲ್ಲಿ ಇದೆಯೇ ಕೇಳಿ. ಇದನ್ನು ಕೊಳ್ಳದಿದ್ದರೆ ಏನೋ ಆಗಿಬಿಡುತ್ತೆ ಅಂತ ಹೆದರಿಕೆ ಹುಟ್ಟಿತೇ? ಆ ಹೆದರಿಕೆ ನಿನ್ನೆ ಇತ್ತೇ, ಯಾರು ಹುಟ್ಟಿಸಿದರು ಅಂತ ಕೇಳಿಕೊಳ್ಳಿ. ಕಂತು ಎಷ್ಟು ಅಂತ ಕೇಳಬೇಡಿ. ಎಲ್ಲ ಕಂತು ಕೂಡಿದರೆ ಎಷ್ಟು, ಅದಕ್ಕೆ ನನ್ನ ಎಷ್ಟು ಕ್ವಿಂಟಲ್ ಜೋಳ ಹೋಗುತ್ತೆ ಅಂತ ಕೇಳಿ. ದುಡ್ಡಿನ ಲೆಕ್ಕ ಮರೆಸುತ್ತೆ, ಜೋಳದ ಲೆಕ್ಕ ಮರೆಸುವುದಿಲ್ಲ. ಈ ಮಾತನ್ನು ಮನೆಯ ಹೆಂಗಸರ ಜೊತೆ, ಕಾಲೇಜಿಗೆ ಹೋಗುವ ಮಕ್ಕಳ ಜೊತೆ ಕೂತು ಆಡಿ. ಅವರ ಮನಸ್ಸನ್ನೇ ಮೊದಲು ಉಳುತ್ತಿದ್ದಾರೆ.

ನಮ್ಮ ಹೊಲದ ಬದುವನ್ನು ಒಂದು ಗೇಣು ಒತ್ತಿದರೆ ನಾವು ಕುಡುಗೋಲು ಹಿಡಿದು ಹೋಗುತ್ತೇವೆ, ಕೋರ್ಟು ಹತ್ತುತ್ತೇವೆ, ಮೂರು ತಲೆಮಾರು ಮಾತು ಬಿಡುತ್ತೇವೆ. ನಮ್ಮ ತಲೆಯೊಳಗಿನ ಹೊಲವನ್ನು ನೂರು ವರ್ಷದಿಂದ ಒತ್ತುತ್ತಾ ಬಂದಿದ್ದಾರೆ. ಅಲ್ಲಿಗೂ ಒಂದು ಬೇಲಿ ಹಾಕೋಣ.